ಹೋಗದ ನೋವು: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಸೊಂಟ ನೋವು ಶುರುವಾಗಿ 9 ವರ್ಷ ಆಯಿತು. ಅಕ್ಕಿ ಮೂಟೆ ಎತ್ತುವಾಗ ಹಿಡಿದುಕೊಂಡಿದ್ದು ಆಮೇಲೆ ಬಿಡಲೇ ಇಲ್ಲ. ನಾನು ಡಾಕ್ಟರ್ ಅಲ್ಲ. ಆದರೆ ಮೂಳೆ ಡಾಕ್ಟರು, ನರದ ಡಾಕ್ಟರು, ಫಿಸಿಯೋಥೆರಪಿಯವರು, ಎಣ್ಣೆ ತಿಕ್ಕುವವರು ಎಲ್ಲರ ಬಾಗಿಲಿಗೂ ಹೋಗಿ ಬಂದಿದ್ದೇನೆ. ಸಿಕ್ಕಿದ್ದೆಲ್ಲ ಓದಿದ್ದೇನೆ. ಈಗ ನೆಂಟರು, ಪರಿಚಯದವರು ನನಗೆ ಫೋನ್ ಮಾಡಿ ಕೇಳುತ್ತಾರೆ. ಎಲ್ಲರದ್ದೂ ಹೆಚ್ಚು ಕಮ್ಮಿ ಅದೇ ಪ್ರಶ್ನೆ. ಅದಕ್ಕೆ ಒಂದೇ ಕಡೆ ಬರೆದಿಟ್ಟಿದ್ದೇನೆ. ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು ಮಾತ್ರ ನಿಮ್ಮ ಡಾಕ್ಟರನ್ನು ಕೇಳಿಯೇ ಮಾಡಿ.

ಎಷ್ಟು ದಿನ ಇದ್ದರೆ ಅದನ್ನು ದೀರ್ಘಕಾಲದ ನೋವು ಅಂತಾರೆ?

3 ತಿಂಗಳು ದಾಟಿದರೆ. ಹೋಗಿ ಹೋಗಿ ಮತ್ತೆ ಬರುತ್ತಿದ್ದರೂ ಅದೇ ಲೆಕ್ಕ. ಉಳುಕು, ಗಾಯ, ಆಪರೇಷನ್ ಹೊಲಿಗೆ ಇವೆಲ್ಲ ಸಾಮಾನ್ಯವಾಗಿ ಅಷ್ಟರೊಳಗೆ ಮಾಯುತ್ತವೆ. ಮಾಯ್ದ ಮೇಲೂ ನೋವು ಉಳಿದರೆ ಅದನ್ನು ಬೇರೆ ಥರ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿ 2022ರಲ್ಲಿ ಜಾರಿಗೆ ಬಂತು, ಅದರಲ್ಲಿ ಈ ನೋವಿಗೆ ಅಂತಲೇ ಒಂದು ಜಾಗ ಇದೆ. ‘ನೋವೂ ಒಂದು ಕಾಯಿಲೆನಾ?’ ಅಂತ ಯಾರಾದರೂ ಕೇಳಿದರೆ ಧೈರ್ಯವಾಗಿ ಹೌದು ಅನ್ನಿ.

ಎಲ್ಲ ರಿಪೋರ್ಟೂ ನಾರ್ಮಲ್ ಅಂತಾರೆ. ಹಾಗಾದರೆ ನನ್ನ ನೋವು ಸುಳ್ಳಾ?

ಅಲ್ಲ. ನಿಮ್ಮ ನೋವು ನಿಜ. ಈ ಮಾತನ್ನು ನನಗೆ ಯಾರಾದರೂ ಮೊದಲ ವರ್ಷವೇ ಹೇಳಿದ್ದರೆ ಎಷ್ಟು ಅಳು ತಪ್ಪುತ್ತಿತ್ತೋ.

ಗದ್ದೆ ಕೆಲಸ ಮಾಡಿದವರಿಗೆ ಇದು ಗೊತ್ತಿರುತ್ತದೆ. ನಾಟಿ ಭರದಲ್ಲಿ ಕಾಲಿಗೆ ಏನೋ ಕೊಯ್ದಿರುತ್ತದೆ, ಆಗ ಗೊತ್ತೇ ಆಗಲ್ಲ, ಸಂಜೆ ಬಚ್ಚಲಲ್ಲಿ ಕಾಲು ತೊಳೆಯುವಾಗ ರಕ್ತ ಕಂಡ ಮೇಲೆ ಉರಿ ಶುರುವಾಗುತ್ತದೆ. ಗಾಯ ಬೆಳಿಗ್ಗೆಯೇ ಆಗಿತ್ತು, ನೋವು ಬಂದಿದ್ದು ಸಂಜೆ. ಗಾಯ ಎಷ್ಟೋ ನೋವು ಅಷ್ಟೇ ಅನ್ನುವ ಲೆಕ್ಕ ನಮ್ಮ ಮೈಯಲ್ಲಿ ನಡೆಯಲ್ಲ. ಎಷ್ಟು ನೋವು ಕೊಡಬೇಕು ಅಂತ ತೀರ್ಮಾನ ಮಾಡುವುದರಲ್ಲಿ ಬೆನ್ನುಹುರಿ, ಮೆದುಳು ಎರಡಕ್ಕೂ ಪಾಲಿದೆ. ಮೊಣಕೈ ಬಾಗಿಲಿಗೆ ಬಡಿದ ತಕ್ಷಣ ನಾವು ಅದನ್ನು ಉಜ್ಜಿಕೊಳ್ಳುತ್ತೇವೆ, ಸ್ವಲ್ಪ ಹಿತ ಆಗುತ್ತದೆ ಅಲ್ವಾ? ಬೆನ್ನುಹುರಿಯಲ್ಲಿ ಒಂದು ಗೇಟಿನ ಥರದ ವ್ಯವಸ್ಥೆ ಇದೆ, ಉಜ್ಜಿದ ಸ್ಪರ್ಶ ಆ ಗೇಟನ್ನು ಸ್ವಲ್ಪ ಮುಚ್ಚುತ್ತದೆ ಅಂತ ರೊನಾಲ್ಡ್ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ಅನ್ನುವ ಇಬ್ಬರು ವಿಜ್ಞಾನಿಗಳು 1965ರಲ್ಲಿ ಬರೆದರು. ನೋವಿನ ಬಗ್ಗೆ ಯೋಚನೆ ಬದಲಾಗಿದ್ದೇ ಅಲ್ಲಿಂದ.

ನೋವು ಹಳೆಯದಾದಾಗ ಈ ವ್ಯವಸ್ಥೆಯೇ ಸೂಕ್ಷ್ಮ ಆಗಿಬಿಡುತ್ತದೆ. ಒಂದು ಸಲ ಮನೆಗೆ ಕಳ್ಳ ನುಗ್ಗಿದ ಮೇಲೆ ನಾಯಿ ಎಲೆ ಅಲುಗಿದರೂ ಬೊಗಳುತ್ತದಲ್ಲ, ಹಾಗೆ. ಬೊಗಳುವುದು ಸುಳ್ಳಲ್ಲ, ಕಿವಿ ಒಡೆಯುವ ಹಾಗೆ ಕೇಳುತ್ತದೆ. ಕಳ್ಳ ಮಾತ್ರ ಈಗ ಅಲ್ಲಿಲ್ಲ. ಸ್ಕ್ಯಾನ್‌ನಲ್ಲಿ ಕಾಣುವುದು ಮೂಳೆ, ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ), ಸ್ನಾಯು, ನರ ಇವುಗಳ ಆಕಾರ ಅಷ್ಟೇ. ನರಗಳು ಎಷ್ಟು ಸೂಕ್ಷ್ಮ ಆಗಿವೆ ಅನ್ನುವುದು ಅದರಲ್ಲಿ ಬರುವುದಿಲ್ಲ.

ಎಂಆರ್‌ಐನಲ್ಲಿ ಡಿಸ್ಕ್ ಸವೆದಿದೆ, ಗ್ಯಾಪ್ ಬಂದಿದೆ ಅಂದರು. ಇನ್ನು ಜೀವನ ಪೂರ್ತಿ ಹೀಗೇನಾ?

ನನ್ನ ರಿಪೋರ್ಟಿನಲ್ಲೂ ಇದೇ ಇತ್ತು. ಅದನ್ನು ಓದಿದ ದಿನದಿಂದ ಬಗ್ಗುವುದಕ್ಕೇ ಹೆದರಿದೆ. ಎರಡು ವರ್ಷ ನೆಲಕ್ಕೆ ಬಿದ್ದ ಪೆನ್ನು ಎತ್ತುವುದಕ್ಕೂ ಮಗನನ್ನು ಕರೆಯುತ್ತಿದ್ದೆ.

ಆಮೇಲೆ ಗೊತ್ತಾಗಿದ್ದು ಇದು. 2015ರಲ್ಲಿ ಒಂದಷ್ಟು ಸಂಶೋಧಕರು 33 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು, 3,110 ಜನರ ಸ್ಕ್ಯಾನ್‌ಗಳು. ಇವರಲ್ಲಿ ಯಾರಿಗೂ ಬೆನ್ನು ನೋವು ಇರಲಿಲ್ಲ. ಆದರೂ 20 ವರ್ಷದವರಲ್ಲಿ ನೂರಕ್ಕೆ 37 ಜನಕ್ಕೆ, 50 ವರ್ಷದವರಲ್ಲಿ 80 ಜನಕ್ಕೆ, 80 ವರ್ಷದವರಲ್ಲಿ 96 ಜನಕ್ಕೆ ಡಿಸ್ಕ್ ಸವೆದಿತ್ತು. ನೋವೇ ಇಲ್ಲದವರಲ್ಲಿ ಇಷ್ಟು! ತಲೆಕೂದಲು ನೆರೆಯುವ ಹಾಗೆ ಡಿಸ್ಕೂ ವಯಸ್ಸಾದಂತೆ ಸವೆಯುತ್ತದೆ. ರಿಪೋರ್ಟಿನಲ್ಲಿ ಕಂಡದ್ದೇ ನಿಮ್ಮ ನೋವಿನ ಕಾರಣ ಅಂತ ಹೇಳುವುದಕ್ಕೆ ಆಗಲ್ಲ, ಕೆಲವರಲ್ಲಿ ಕಾರಣ ಆಗಿರಲೂಬಹುದು, ಅದನ್ನು ಡಾಕ್ಟರ್ ಕಾಲಿನ ಬಲ, ಸ್ಪರ್ಶ ಎಲ್ಲ ಪರೀಕ್ಷೆ ಮಾಡಿ ಹೊಂದಿಸಿ ನೋಡಬೇಕು. ಪರೀಕ್ಷೆ ಮಾಡದೆ ಬರೀ ಸ್ಕ್ಯಾನ್ ನೋಡಿ ಹೆದರಿಸಿದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಯಾವ ನೋವಿಗೆ ತಡ ಮಾಡಬಾರದು?

ಇದನ್ನು ದಯವಿಟ್ಟು ಪೂರ್ತಿ ಓದಿ. ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ, ಮಲ ತಡೆಯಲು ಆಗದಿದ್ದರೆ, ತೊಡೆ ಸಂದಿ ಮತ್ತು ಕೂರುವ ಜಾಗ ಜೋಮು ಹಿಡಿದರೆ, ಕಾಲಲ್ಲಿ ಶಕ್ತಿ ಕಡಿಮೆ ಆಗುತ್ತಾ ಹೋದರೆ ಅದೇ ದಿನ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೋಗಿ. ನರಗಳ ಗೊಂಚಲು ಒತ್ತಿಕೊಂಡಿರಬಹುದು. ತಡ ಆದರೆ ಆ ಶಕ್ತಿ ವಾಪಸ್ ಬರದೇ ಇರಬಹುದು.

ಸಂಜೆ ಹೊತ್ತು ಜ್ವರ, ತೂಕ ಇಳಿಯುವುದು, ರಾತ್ರಿಯೂ ಬಿಡದ ಬೆನ್ನು ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ನಮ್ಮ ದೇಶದಲ್ಲಿ ಇದು ಅಪರೂಪ ಅಲ್ಲ, ಔಷಧಿಯಿಂದ ಗುಣ ಆಗುತ್ತದೆ. ಹಿಂದೆ ಕ್ಯಾನ್ಸರ್ ಆಗಿದ್ದವರು, ತುಂಬಾ ದಿನ ಸ್ಟೀರಾಯ್ಡ್ ತೆಗೆದುಕೊಂಡವರು, ಬಿದ್ದು ಪೆಟ್ಟಾದ ವಯಸ್ಸಾದವರು ಕೂಡ ಕಾಯಬಾರದು.

ಇನ್ನೊಂದು ಥರ ಇದೆ. 40ರೊಳಗಿನ ಹುಡುಗರಿಗೆ, ಹುಡುಗಿಯರಿಗೆ ಬೆಳಿಗ್ಗೆ ಎದ್ದಾಗ ಬೆನ್ನು ಮರದ ಹಲಗೆ ಥರ ಗಟ್ಟಿ, ಓಡಾಡಿದ ಮೇಲೆ ಸಡಿಲ, ಮಲಗಿದರೆ ಬೆಳಗಿನ ಜಾವ ಮತ್ತೆ ನೋವು. ಇದು ಸವೆತ ಇರಲಿಕ್ಕಿಲ್ಲ, ಬೆನ್ನುಮೂಳೆಯ ಉರಿಯೂತ ಇರಬಹುದು. ಇದಕ್ಕೆ ರುಮಟಾಲಜಿ ಡಾಕ್ಟರನ್ನು, ಅಂದರೆ ಕೀಲುಗಳ ಉರಿಯೂತ ನೋಡುವವರನ್ನು, ನೋಡಬೇಕು. ಬಹಳ ಜನ ವರ್ಷಗಟ್ಟಲೆ ‘ಗಾಡಿ ಓಡಿಸಿ ಬಂದ ನೋವು’ ಅಂತ ಸುಮ್ನೆ ಇದ್ದುಬಿಡುತ್ತಾರೆ.

ಪಾವಗಡ, ಕೋಲಾರದಂಥ ಫ್ಲೋರೈಡ್ ನೀರಿನ ಕಡೆಯವರು ಇದನ್ನೂ ಡಾಕ್ಟರಿಗೆ ಹೇಳಿ. ಲೀಟರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಫ್ಲೋರೈಡ್ ಇರುವ ನೀರು ಕುಡಿಯುವುದಕ್ಕೆ ಒಳ್ಳೆಯದಲ್ಲ. ಇನ್ನೂ ಜಾಸ್ತಿ ಇರುವ ಕೊಳವೆ ಬಾವಿ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೂಳೆ, ಕೀಲುಗಳೇ ಬಿಗಿದುಕೊಳ್ಳುತ್ತವೆ. ಅಲ್ಲಿ ಮಾತ್ರೆಗಿಂತ ಮೊದಲು ಕುಡಿಯುವ ನೀರು ಬದಲಾಗಬೇಕು.

ಪೂರ್ತಿ ರೆಸ್ಟ್ ಮಾಡಿದರೆ ಹೋಗುತ್ತಾ?

ಇಲ್ಲ. ಒಂದೆರಡು ದಿನ ಸರಿ. ಅದಕ್ಕಿಂತ ಜಾಸ್ತಿ ಮಲಗಿದರೆ ಸ್ನಾಯು ಸೊರಗುತ್ತದೆ, ನಿದ್ದೆ ಕೆಡುತ್ತದೆ, ಎದ್ದಾಗ ಮೊದಲಿಗಿಂತ ಜಾಸ್ತಿ ನೋವು. ನಾನು ಮೂರು ವಾರ ಮಲಗಿದ್ದೆ, ಆಮೇಲೆ ಬಸ್ ಸ್ಟಾಪಿನವರೆಗೆ ನಡೆಯುವುದಕ್ಕೆ ಎರಡು ತಿಂಗಳು ಹಿಡಿಯಿತು.

ಹಾಗಾದರೆ ಎಲ್ಲಿಂದ ಶುರು ಮಾಡಲಿ? ನಡೆದರೆ ನೋವು ಬರುತ್ತದಲ್ಲ?

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆಗಿದ್ದು ಇದೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ನೋವು ಕಡಿಮೆ ಇರುವ ದಿನ ಬಾಕಿ ಕೆಲಸ ಎಲ್ಲ ಎಳೆದುಕೊಳ್ಳುತ್ತೇವೆ. ಯುಗಾದಿಗೆ ಎರಡು ದಿನ ಇದೆ, ಇವತ್ತು ಸೊಂಟ ಪರವಾಗಿಲ್ಲ ಅಂತ ಅಟ್ಟ ಇಳಿಸಿ, ಧೂಳು ಹೊಡೆದು, ಮನೆ ತೊಳೆದು, ಪರದೆ ಒಗೆದು ಹಾಕುತ್ತೇವೆ. ಹಬ್ಬದ ದಿನ ಹಾಸಿಗೆ. ಆಮೇಲೆ ಒಂದು ವಾರ ಏನೂ ಮಾಡಲ್ಲ. ಮತ್ತೆ ಸ್ವಲ್ಪ ಪರವಾಗಿಲ್ಲ ಅನ್ನಿಸಿದ ದಿನ ಅದೇ ಕಥೆ. ಹೀಗೆ ಏರಿ ಇಳಿದು ಏರಿ ಇಳಿದು ವರ್ಷ ಕಳೆದ ಮೇಲೆ ನೋಡಿದರೆ ಮಾಡಲು ಆಗುವ ಕೆಲಸವೇ ಕಮ್ಮಿ ಆಗಿರುತ್ತದೆ.

ಬದಲಿಗೆ ಹೀಗೆ ಮಾಡಿ. ನೋವು ಜಾಸ್ತಿ ಇರುವ ದಿನವೂ ಎಷ್ಟು ನಿಮಿಷ ನಡೆಯಲು ಆಗುತ್ತದೆ ನೋಡಿ. 10 ನಿಮಿಷ ಅನ್ನಿ. ಹಾಗಾದರೆ 8 ನಿಮಿಷದಿಂದ ಶುರು. ನೋವಿರಲಿ ಇಲ್ಲದಿರಲಿ ದಿನಾ ಅಷ್ಟೇ. ಚೆನ್ನಾಗಿ ಅನ್ನಿಸಿದ ದಿನವೂ 8 ನಿಮಿಷಕ್ಕೇ ನಿಲ್ಲಿಸಬೇಕು, ಕಷ್ಟ ಇರುವುದು ಇಲ್ಲೇ. ವಾರಕ್ಕೆ ಒಂದು ನಿಮಿಷ ಏರಿಸಿ. ನಡೆದ ಮೇಲೆ ಸ್ವಲ್ಪ ನೋವು ಜಾಸ್ತಿ ಆಗಿ ಮರುದಿನದ ಹೊತ್ತಿಗೆ ಮೊದಲಿನಂತೆ ಆದರೆ ಹೆದರಬೇಡಿ, ಒಳಗೆ ಏನೂ ಮುರಿದಿಲ್ಲ. ಎರಡು ಮೂರು ದಿನ ಕೆರಳಿದರೆ ಹಿಂದಿನ ವಾರದ ಲೆಕ್ಕಕ್ಕೆ ಇಳಿಯಿರಿ, ಪೂರ್ತಿ ನಿಲ್ಲಿಸಬೇಡಿ. ನಾನು 6 ನಿಮಿಷದಿಂದ ಶುರು ಮಾಡಿದ್ದೆ. ಈಗ ಬೆಳಿಗ್ಗೆ 35 ನಿಮಿಷ ಕೆರೆ ಏರಿ ಮೇಲೆ ನಡೆಯುತ್ತೇನೆ.

ನಡಿಗೆಗೆ ಪುರಾವೆಯೂ ಇದೆ. ಆಸ್ಟ್ರೇಲಿಯಾದಲ್ಲಿ ಸೊಂಟ ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರ ಮೇಲೆ ಮಾಡಿದ ಅಧ್ಯಯನ 2024ರಲ್ಲಿ ಬಂತು. ಫಿಸಿಯೋಥೆರಪಿಯವರ ಸಲಹೆಯಂತೆ ನಿಧಾನಕ್ಕೆ ನಡಿಗೆ ಏರಿಸಿದವರ ಗುಂಪಿನಲ್ಲಿ ಅರ್ಧದಷ್ಟು ಜನಕ್ಕೆ ನೋವು ಮರಳಿ ಬರಲು 208 ದಿನ ಹಿಡಿಯಿತು. ಸುಮ್ಮನಿದ್ದ ಗುಂಪಿನಲ್ಲಿ 112 ದಿನ. ಚಪ್ಪಲಿ ಬಿಟ್ಟರೆ ಇನ್ನೇನೂ ಖರ್ಚಿಲ್ಲ.

ಈಜು, ಯೋಗ, ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಯಾವುದಾದರೂ ಆಗಬಹುದು. ಯಾವುದು ದಿನಾ ಮಾಡಲು ಆಗುತ್ತದೋ ಅದೇ ಒಳ್ಳೆಯದು. ಬೀಡಿ ಕಟ್ಟುವವರು, ಟೈಲರಿಂಗ್ ಮಾಡುವವರು, ಕಂಪ್ಯೂಟರ್ ಮುಂದೆ ಕೂರುವವರು ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಕೈಕಾಲು ಆಡಿಸಿ. ಮಂಡಿ ನೋವಿದ್ದು ತೂಕ ಜಾಸ್ತಿ ಇದ್ದರೆ, ಒಂದು ಕೆಜಿ ಇಳಿಸಿದರೂ ಪ್ರತಿ ಹೆಜ್ಜೆಗೆ ಮಂಡಿ ಮೇಲಿನ ಭಾರ ಸುಮಾರು 4 ಕೆಜಿ ಕಮ್ಮಿ ಆಗುತ್ತದೆ.

ಮೆಡಿಕಲ್ ಶಾಪಿನಲ್ಲಿ ಕೊಡುವ ನೋವಿನ ಮಾತ್ರೆ ದಿನಾ ತಗೊಂಡರೆ ಏನಾಗುತ್ತದೆ?

ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್ ಇವೆಲ್ಲ ಒಂದೇ ಜಾತಿಯ ಮಾತ್ರೆಗಳು. ಕೆಲವು ದಿನಕ್ಕೆ, ಡಾಕ್ಟರ್ ಹೇಳಿದಷ್ಟು ತಗೊಂಡರೆ ಒಳ್ಳೆ ಕೆಲಸ ಮಾಡುತ್ತವೆ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಬಿಪಿ ಏರುವುದು, ಹೃದಯಕ್ಕೆ ತೊಂದರೆ, ಕಿಡ್ನಿ ಹಾಳಾಗುವುದು ಎಲ್ಲ ಆಗಬಹುದು.

ಕಿಡ್ನಿ ಅಂದಾಗ ನನಗೆ ರಣಹದ್ದುಗಳ ನೆನಪಾಗುತ್ತದೆ. ನಮ್ಮ ದೇಶದಲ್ಲಿ ರಣಹದ್ದುಗಳು ಲಕ್ಷಗಟ್ಟಲೆ ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ್ದು ಡೈಕ್ಲೋಫೆನಾಕ್. ದನಗಳಿಗೆ ನೋವಿಗೆ ಅಂತ ಚುಚ್ಚಿದ್ದ ಔಷಧಿ, ಸತ್ತ ದನದ ಮಾಂಸ ತಿಂದ ಹದ್ದುಗಳ ಕಿಡ್ನಿ ನಿಲ್ಲಿಸಿತು. ದನಗಳಿಗೆ ಅದನ್ನು ಕೊಡುವುದನ್ನು ಸರ್ಕಾರ 2006ರಲ್ಲಿ ನಿಷೇಧಿಸಿತು. ಮನುಷ್ಯರ ಮೈ ಹದ್ದಿನ ಮೈ ಅಲ್ಲ, ಒಂದು ಮಾತ್ರೆಗೆ ಹಾಗಾಗಲ್ಲ. ಆದರೆ ಕಿಡ್ನಿ ತೊಂದರೆ, ಶುಗರ್, ಬಿಪಿ, ಹೃದಯದ ಕಾಯಿಲೆ ಇರುವವರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು, ಬಸುರಿಯರು ಕೇಳದೆ ಇದನ್ನು ಮುಟ್ಟಬಾರದು.

ಹೆಸರು ಬೇರೆ, ಒಳಗಿನ ಔಷಧಿ ಒಂದೇ ಆಗಿರುತ್ತದೆ, ಇಲ್ಲಿ ತುಂಬಾ ಜನ ತಪ್ಪುತ್ತಾರೆ. ನೋವಿಗೆ ಒಂದು, ನೆಗಡಿಗೆ ಒಂದು, ಜ್ವರಕ್ಕೆ ಒಂದು ಅಂತ ಮೂರು ಮಾತ್ರೆ ನುಂಗುತ್ತೀರಿ, ಮೂರರಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ದೊಡ್ಡವರಿಗೆ ದಿನಕ್ಕೆ ಒಟ್ಟು 4 ಗ್ರಾಂ ದಾಟಬಾರದು, ಅಂದರೆ 650ರ ಮಾತ್ರೆ ಆರು. ಕುಡಿಯುವವರು, ಲಿವರ್ ತೊಂದರೆ ಇರುವವರಿಗೆ ಅದೂ ಜಾಸ್ತಿ. ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿ ಇರುವುದನ್ನು ಮಕ್ಕಳ ಹತ್ತಿರವಾದರೂ ಓದಿಸಿ.

ಮಂಡಿ, ಕೈ ಬೆರಳಿನ ನೋವಿಗೆ ಮಾತ್ರೆಗಿಂತ ಡೈಕ್ಲೋಫೆನಾಕ್ ಜೆಲ್ ಹಚ್ಚುವುದು ಮೈಗೆ ಹಗುರ.

ಟ್ರಮಡಾಲ್ ಥರದ ಸ್ಟ್ರಾಂಗ್ ಮಾತ್ರೆ?

ಇದು ಅಫೀಮಿನ ಬಳಗದ ಥರ ಕೆಲಸ ಮಾಡುವ ಔಷಧಿ. 2018ರಿಂದ ಮಾದಕ ವಸ್ತು ಕಾಯ್ದೆಯ ಕೆಳಗೆ ಬರುತ್ತದೆ. ಅದೇ ವರ್ಷ ಅಮೆರಿಕದಲ್ಲಿ 240 ಜನರ ಮೇಲೆ 12 ತಿಂಗಳು ಮಾಡಿದ ಅಧ್ಯಯನ ಪ್ರಕಟವಾಯಿತು. ಹಳೆಯ ಬೆನ್ನು, ಮಂಡಿ, ಸೊಂಟದ ಕೀಲಿನ ನೋವಿಗೆ ಅಫೀಮು ಬಳಗದ ಔಷಧಿಗಳು ಸಾಧಾರಣ ನೋವಿನ ಔಷಧಿಗಳಿಗಿಂತ ಹೆಚ್ಚೇನೂ ಉಪಯೋಗ ಆಗಲಿಲ್ಲ. ಅಡ್ಡ ಪರಿಣಾಮ ಮಾತ್ರ ಜಾಸ್ತಿ. ಈಗಾಗಲೇ ತಗೊಳ್ಳುತ್ತಿದ್ದರೆ ಏಕಾಏಕಿ ನಿಲ್ಲಿಸಬೇಡಿ, ಡಾಕ್ಟರ್ ನಿಧಾನಕ್ಕೆ ಇಳಿಸುತ್ತಾರೆ.

ಕ್ಯಾನ್ಸರ್ ನೋವಿನ ಮಾತೇ ಬೇರೆ. ಅಲ್ಲಿ ಮಾರ್ಫಿನ್ ಬೇಕೇ ಬೇಕು. ‘ಅಭ್ಯಾಸ ಆಗಿಬಿಡುತ್ತದೆ’ ಅಂತ ಮನೆಯವರೇ ತಡೆದು ರೋಗಿ ನರಳುವುದನ್ನು ನೋಡಿದ್ದೇನೆ, ಅದು ನನಗೆ ಸಹಿಸಲು ಆಗಲ್ಲ. 2014ರಲ್ಲಿ ಕಾಯ್ದೆ ತಿದ್ದಿ ಮಾರ್ಫಿನ್ ಸಿಗುವುದನ್ನು ಸುಲಭ ಮಾಡಿದ್ದಾರೆ. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆಯಲ್ಲಿ ನೋವು ಶಮನದ ವಿಭಾಗ ಇದೆ. ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತಗೊಳ್ಳದೆ ನೋಡಿಕೊಳ್ಳುತ್ತಾರೆ.

ನನಗೆ ಡಿಪ್ರೆಶನ್ ಮಾತ್ರೆ, ಫಿಟ್ಸ್ ಮಾತ್ರೆ ಬರೆದಿದ್ದಾರೆ. ನನಗೇನು ತಲೆ ಕೆಟ್ಟಿದೆಯಾ?

ಇಲ್ಲ. ನರದ ನೋವಿಗೆ ಮಾಮೂಲಿ ಮಾತ್ರೆ ಅಷ್ಟಾಗಿ ಹಿಡಿಯಲ್ಲ. ಉರಿ, ಜುಮ್ಮು, ಶಾಕ್ ಹೊಡೆದ ಹಾಗೆ, ಶುಗರ್ ಇರುವವರಿಗೆ ರಾತ್ರಿ ಪಾದ ಕೆಂಡದ ಮೇಲೆ ಇಟ್ಟ ಹಾಗೆ, ಇವು ನರದ ನೋವಿನ ಗುರುತು. ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಇಲ್ಲಿ ಕೆಲಸ ಮಾಡುತ್ತವೆ. ಅಮಿಟ್ರಿಪ್ಟಿಲಿನ್ ರಾತ್ರಿ 10 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ, ಖಿನ್ನತೆಗೆ ಕೊಡುವುದು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಮೊದಮೊದಲು ತೂಕಡಿಕೆ, ಬಾಯಿ ಒಣಗುವುದು ಇರುತ್ತದೆ, ಬೈಕ್ ಓಡಿಸುವಾಗ ಹುಷಾರು. ಫಲ ಕಾಣಲು ಕೆಲವು ವಾರ ಬೇಕು. ನಾಲ್ಕು ದಿನ ತಗೊಂಡು ಬಿಟ್ಟುಬಿಡಬೇಡಿ. ತಿಂಗಳುಗಟ್ಟಲೆ ತಗೊಂಡ ಮೇಲೆ ಒಮ್ಮೆಲೇ ನಿಲ್ಲಿಸಲೂಬೇಡಿ.

ಸರ್ಪಸುತ್ತು ಒಣಗಿ ಮೂರು ತಿಂಗಳಾಯಿತು. ಬಟ್ಟೆ ತಾಗಿದರೂ ಉರಿ.

ನಮ್ಮ ಚಿಕ್ಕಮ್ಮನಿಗೂ ಹೀಗೇ ಆಯಿತು. ಗುಳ್ಳೆ ಎದ್ದಾಗ ಕೆಮ್ಮಣ್ಣು ಹಚ್ಚಿಸಿಕೊಂಡು ನಾಲ್ಕು ದಿನ ಕಳೆದರು. ಸರ್ಪಸುತ್ತು ಬರುವುದು ಹಳೆಯ ಸೀತಾಳೆ ಸಿಡುಬಿನಿಂದ, ಅಂದರೆ ಚಿಕನ್‌ಪಾಕ್ಸ್ ವೈರಸ್‌ನಿಂದ. ಅದು ನರದಲ್ಲಿ ಅಡಗಿದ್ದು ವಯಸ್ಸಾದಾಗ ಹೊರಗೆ ಬರುತ್ತದೆ. ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ಔಷಧಿ ಶುರು ಮಾಡಿದರೆ ಒಳ್ಳೆಯದು, ಕಣ್ಣಿನ ಹತ್ತಿರ ಬಂದರಂತೂ ಅವತ್ತೇ ಹೋಗಬೇಕು. ಉಳಿದ ಉರಿಗೆ ಮೇಲೆ ಹೇಳಿದ ನರದ ಮಾತ್ರೆಗಳು, ಮರಗಟ್ಟಿಸುವ ಲಿಡೋಕೇನ್ ಜೆಲ್ ಅಥವಾ ಪಟ್ಟಿ ಇವೆ. 50 ದಾಟಿದವರಿಗೆ ಲಸಿಕೆಯೂ 2023ರಿಂದ ಇಲ್ಲಿ ಸಿಗುತ್ತದೆ, ಎರಡು ಡೋಸ್, ಬೆಲೆ ಜಾಸ್ತಿ.

ಚಿಕುನ್‌ಗುನ್ಯಾ ಬಂದು ಹೋಯಿತು, ಕೀಲು ನೋವು ಹೋಗಿಲ್ಲ.

2006ರಲ್ಲಿ ನಮ್ಮ ರಾಜ್ಯದಲ್ಲಿ ಲಕ್ಷಗಟ್ಟಲೆ ಜನಕ್ಕೆ ಬಂದಾಗ ಊರಿಗೆ ಊರೇ ಗೋಡೆ ಹಿಡಿದು ನಡೆದಿದ್ದು ನೆನಪಿದೆ. ಆಫ್ರಿಕಾದ ಮಕೊಂಡೆ ಭಾಷೆಯಲ್ಲಿ ಆ ಹೆಸರಿನ ಅರ್ಥವೇ ಬಾಗಿಹೋಗುವುದು ಅಂತ. ತುಂಬಾ ಜನಕ್ಕೆ ಕೆಲವು ವಾರದಲ್ಲಿ ಸರಿಹೋಗುತ್ತದೆ, ಕೆಲವರಿಗೆ ತಿಂಗಳು, ವರ್ಷ ಎಳೆಯುತ್ತದೆ. 3 ತಿಂಗಳಾದರೂ ಕೀಲು ಊದಿಕೊಂಡಿದ್ದರೆ ರುಮಟಾಲಜಿ ಡಾಕ್ಟರಿಗೆ ತೋರಿಸಿ. ಸ್ವಂತಕ್ಕೆ ಸ್ಟೀರಾಯ್ಡ್ ಬೇಡ.

ಸೊಂಟದ ಬೆಲ್ಟ್, ಟ್ರ್ಯಾಕ್ಷನ್ (ಸೊಂಟ ಎಳೆಯುವ ಚಿಕಿತ್ಸೆ)?

ಹಳೆಯ ಸೊಂಟ ನೋವಿಗೆ ಎರಡೂ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ನನ್ನ ಬೆಲ್ಟ್ ಬೀರುವಿನಲ್ಲಿದೆ.

ಎಣ್ಣೆ, ಶಾಖ, ನಾಟಿ ಪುಡಿ?

ಬಿಸಿನೀರಿನ ಚೀಲ, ಎಣ್ಣೆ ತಿಕ್ಕಿಸಿಕೊಳ್ಳುವುದು ಹಿತ ಕೊಡುತ್ತದೆ, ಮಾಡಿ. ಶುಗರ್‌ನಿಂದ ಪಾದಕ್ಕೆ ಸ್ಪರ್ಶ ಇಲ್ಲದವರು ಶಾಖ ಕೊಡಬೇಡಿ, ಸುಟ್ಟರೂ ಗೊತ್ತಾಗಲ್ಲ. ಹೆಸರು, ವಿವರ ಇಲ್ಲದ ಪೊಟ್ಟಣದ ಪುಡಿ, ಕಪ್ಪು ಗುಳಿಗೆಗಳ ಬಗ್ಗೆ ಮಾತ್ರ ನನಗೆ ತುಂಬಾ ಭಯ. ಎರಡೇ ದಿನದಲ್ಲಿ ನೋವು ಮಾಯ, ಹಸಿವು ಜಾಸ್ತಿ, ಮುಖ ದುಂಡಗೆ ಊದಿತು ಅಂದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಅನುಮಾನ ಪಡಬೇಕು. ಪೊಟ್ಟಣ ತಗೊಂಡು ಡಾಕ್ಟರ್ ಹತ್ತಿರ ಹೋಗಿ, ಒಮ್ಮೆಲೇ ಬಿಟ್ಟರೂ ಅಪಾಯ.

ಆಪರೇಷನ್ ಮಾಡಿಸಲಾ?

ಕಾಲಿನ ಬಲ ಕುಂದುತ್ತಿದ್ದರೆ, ಮೂತ್ರದ ತೊಂದರೆ ಇದ್ದರೆ ಹೌದು, ಬೇಗ. ಡಿಸ್ಕ್ ನರ ಒತ್ತಿ ಕಾಲಿಗೆ ಸೆಳೆಯುವ ನೋವು ಬಹಳ ಜನರಲ್ಲಿ 6ರಿಂದ 12 ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಹೊರಗೆ ಚಾಚಿದ ಡಿಸ್ಕಿನ ತುಂಡನ್ನು ಮೈಯೇ ಕರಗಿಸಿಕೊಳ್ಳುವುದೂ ಉಂಟು. ಬರೀ ಸೊಂಟ ನೋವಿಗೆ ಆಪರೇಷನ್ ಅಂದರೆ ಎರಡನೇ ಡಾಕ್ಟರನ್ನು ಕೇಳದೆ ಸಹಿ ಹಾಕಬೇಡಿ. ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕಾಲಿನ ಸೆಳೆತಕ್ಕೆ ಸ್ವಲ್ಪ ಕಾಲ ಆರಾಮ ಕೊಡಬಹುದು.

ರಾತ್ರಿ ನಿದ್ದೆ ಇಲ್ಲ. ಬೇಸರ ಆಗುತ್ತದೆ. ಸಾಕಪ್ಪಾ ಅನ್ನಿಸುತ್ತದೆ.

ನಿದ್ದೆ ಕೆಟ್ಟರೆ ಮರುದಿನ ನೋವು ಜಾಸ್ತಿ, ನೋವು ಜಾಸ್ತಿ ಆದರೆ ನಿದ್ದೆ ಇಲ್ಲ. ದಿನಾ ಒಂದೇ ಹೊತ್ತಿಗೆ ಏಳಿ, ಮಧ್ಯಾಹ್ನದ ನಿದ್ದೆ ಕಡಿಮೆ ಮಾಡಿ, ಸಂಜೆ ಮೇಲೆ ಕಾಫಿ ಬಿಡಿ. ಮನಸ್ಸಿನ ಚಿಕಿತ್ಸೆಯಿಂದ ನೋವು ಸಹಿಸುವ ಶಕ್ತಿ ನಿಜವಾಗಿ ಹೆಚ್ಚುತ್ತದೆ, ಅದಕ್ಕೆ ಹೋದರೆ ನೋವು ಸುಳ್ಳು ಅಂತ ಒಪ್ಪಿಕೊಂಡ ಹಾಗಲ್ಲ. ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಾನೂ ಒಂದು ರಾತ್ರಿ ಆ ಹಂತಕ್ಕೆ ಹೋಗಿದ್ದೆ. ಅಕ್ಕನಿಗೆ ಫೋನ್ ಮಾಡಿದೆ, ಅವಳು ಬೆಳಗಾಗುವವರೆಗೆ ಫೋನ್ ಇಡಲಿಲ್ಲ.

ಮನೆಯವರು ನಂಬಲ್ಲ. ಏನು ಹೇಳಲಿ?

ಇದನ್ನು ಅವರಿಗೇ ಓದಲು ಕೊಡಿ. ಮನೆಯವರೇ, ‘ಮದುವೆ ಮನೆಯಲ್ಲಿ ನಗುತ್ತಾ ಓಡಾಡುತ್ತಿದ್ದೆ, ಈಗೇನು ನೋವು’ ಅಂತ ಮಾತ್ರ ಕೇಳಬೇಡಿ. ಆ ನಗುವಿಗೆ ಆಮೇಲೆ ಎರಡು ದಿನ ತೆರುತ್ತಾರೆ. ಹಾಗಂತ ಎಲ್ಲ ಕೆಲಸ ಕಿತ್ತುಕೊಂಡು ಕೂರಿಸಲೂಬೇಡಿ. ‘ಅಮ್ಮಾ, ಇವತ್ತು ಯಾವುದು ಆಗುತ್ತೆ, ಯಾವುದು ನಾನು ಮಾಡಲಿ?’ ಅಂತ ಕೇಳಿ. ನನ್ನ ಮಗ ಈಗ ಹಾಗೇ ಕೇಳುತ್ತಾನೆ.

ಪೂರ್ತಿ ವಾಸಿ ಆಗುತ್ತಾ?

ಕೆಲವರಿಗೆ ಆಗುತ್ತದೆ. ತುಂಬಾ ಜನಕ್ಕೆ ಕಡಿಮೆ ಆಗುತ್ತದೆ, ಹೋಗಲ್ಲ. ನನಗೆ ಹೋಗಿಲ್ಲ. ಮೊದಲು ಹತ್ತರಲ್ಲಿ ಎಂಟು ಇದ್ದ ನೋವು ಈಗ ಮೂರೋ ನಾಲ್ಕೋ. ಬಗ್ಗಿ ರಂಗೋಲಿ ಹಾಕುತ್ತೇನೆ. ‘ಏಳು ದಿನದಲ್ಲಿ ಗ್ಯಾರಂಟಿ’ ಅನ್ನುವವರಿಗೆ ದುಡ್ಡು ಕೊಡಬೇಡಿ.

ಡಾಕ್ಟರ್ ಹತ್ತಿರ ಐದು ನಿಮಿಷ ಸಿಗುತ್ತದೆ. ಏನು ಹೇಳಲಿ?

ತಗೊಳ್ಳುತ್ತಿರುವ ಎಲ್ಲ ಮಾತ್ರೆ, ಪುಡಿ, ಎಣ್ಣೆ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡಿ. ನೋವು ಎಲ್ಲಿ, ಯಾವ ಥರ ಅಂತ ನಿಮ್ಮ ಮಾತಿನಲ್ಲೇ ಹೇಳಿ: ಉರಿಯಾ, ಸೆಳೆತವಾ, ಜೋಮಾ, ಹಿಡಿತವಾ. ಯಾವ ಹೊತ್ತಿಗೆ ಜಾಸ್ತಿ, ಏನು ಮಾಡಿದರೆ ಕಡಿಮೆ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ‘ನೋವು ಹೋಗಬೇಕು’ ಅನ್ನುವ ಬದಲು ನಿಮಗೆ ಬೇಕಾದ ಒಂದು ಕೆಲಸ ಹೇಳಿ. ‘ಮೊಮ್ಮಗಳನ್ನು ಎತ್ತಿಕೊಳ್ಳಬೇಕು’, ‘ಒಂದು ಗಂಟೆ ಬಸ್ಸಲ್ಲಿ ಕೂರಬೇಕು’. ನಾನು ‘ನನ್ನ ಬಟ್ಟೆ ನಾನೇ ಒಗೆದು ಒಣಗಿಸಬೇಕು’ ಅಂದಿದ್ದೆ. ಆ ಡಾಕ್ಟರ್ ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿ, ಎಷ್ಟು ಹೊತ್ತು ನಿಲ್ಲಲು ಆಗುತ್ತದೆ ಅಂತ ಕೇಳಿದರು.